ಅಳಿವೆಯಿಂದ ಅಳಿವೆಗೆ: ಕಾರವಾರದಿಂದ ಮಂಗಳೂರಿಗೆ ಸೈಕಲ್ ತುಳಿಯುವವರಿಗೆ

ಕಾರವಾರದಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದವರು ಇಲ್ಲಿ ಎಷ್ಟು ಜನ ಇದ್ದೀರಿ? ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲಿದೆ. ಸರಿ, ದಾರಿಯಲ್ಲಿ ಮಿರ್ಜಾನ್ ಕೋಟೆಗೆ ಇಳಿದವರು? ಬಸರೂರಿನೊಳಗೆ ಓಡಾಡಿದವರು? ಸುಲ್ತಾನ್ ಬತ್ತೇರಿ ಹತ್ತಿದವರು? ನೋಡಿ, ಒಂದೊಂದೇ ಕೈ ಕೆಳಗಿಳಿಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹೆದ್ದಾರಿ 66 ಹೋಗುವುದೇ ಹಾಗೆ. ನದಿ ಬಂತು, ಸೇತುವೆ ಬಂತು, ಒಂದು ನಿಮಿಷದಲ್ಲಿ ದಾಟಿ ಆಯಿತು. ಮುಂದಿನ ಊರಿನ ಬೋರ್ಡ್ ಕಾಣುವಷ್ಟರಲ್ಲಿ ನದಿ ಮರೆತುಹೋಗಿರುತ್ತದೆ.

ನಮ್ಮ ಕರಾವಳಿಯ ಹಳೇ ಕಥೆಯೆಲ್ಲ ಇರುವುದು ಆ ನದಿಗಳು ಸಮುದ್ರ ಸೇರುವ ಕಡೆ, ಅಳಿವೆಗಳಲ್ಲಿ. ಗೋವಾ ಗಡಿಯ ಮಾಜಾಳಿಯಿಂದ ಕೇರಳ ಗಡಿಯ ತಲಪಾಡಿಯವರೆಗೆ ಸುಮಾರು ಮುನ್ನೂರು ಕಿಲೋಮೀಟರ್ ದಂಡೆ ಇದೆ. ಅದರಲ್ಲಿ ಕೋಟೆ ಎಲ್ಲೆಲ್ಲಿದೆ ಅಂತ ಒಂದು ನಕ್ಷೆಯ ಮೇಲೆ ಗುರುತು ಹಾಕಿ. ಕಾಳಿ ನದಿಯ ಬಾಯಲ್ಲಿ ಸದಾಶಿವಗಡ. ಅಘನಾಶಿನಿಯ ಮಗ್ಗುಲಲ್ಲಿ ಮಿರ್ಜಾನ್. ಶರಾವತಿ ಅಳಿವೆಯ ಎದುರಿಗೆ ಕಡಲಲ್ಲಿ ಬಸವರಾಜ ದುರ್ಗ. ಗುರುಪುರ ನದಿಯ ದಡದಲ್ಲಿ ಸುಲ್ತಾನ್ ಬತ್ತೇರಿ. ನೇತ್ರಾವತಿಯ ಆಚೆ ಉಳ್ಳಾಲ. ಕಾರಣ ಸರಳ. ಘಟ್ಟದ ಮೇಲಿನ ಮೆಣಸು, ಅಡಿಕೆ ಇಳಿದು ಬರುತ್ತಿದ್ದದ್ದು ಈ ನದಿಗಳ ಬಯಲಿಗೆ. ಹಡಗು ನಿಲ್ಲುತ್ತಿದ್ದದ್ದು ಅಳಿವೆಯಲ್ಲಿ. ಸುಂಕ ಎತ್ತುವವನು, ಕಾವಲು ಕಾಯುವವನು, ಕೊಳ್ಳೆ ಹೊಡೆಯಲು ಬರುವವನು, ಎಲ್ಲರಿಗೂ ಬೇಕಾದ ಜಾಗ ಅದೊಂದೇ.

ಹಾಗಾಗಿ ನಾನು ಹೇಳುವುದು ಇಷ್ಟು. ಕರಾವಳಿಯಲ್ಲಿ ಸೈಕಲ್ ತುಳಿಯುವುದಾದರೆ ಊರಿಂದ ಊರಿಗೆ ಅಂತ ಲೆಕ್ಕ ಹಾಕಬೇಡಿ, ಅಳಿವೆಯಿಂದ ಅಳಿವೆಗೆ ಅಂತ ಹಾಕಿ. ಸೈಕಲ್ಲನ್ನು ದೋಣಿಗೆ ಎತ್ತಿ ಹಾಕಬಹುದು, ಗದ್ದೆ ಬದುವಿನ ಮೇಲೆ ತಳ್ಳಬಹುದು, ಕೋಟೆ ಬಾಗಿಲಿಗೆ ಒರಗಿಸಬಹುದು. ಕಾರಿನಲ್ಲಿ ಇದು ಆಗುವುದಿಲ್ಲ. ನಡೆದರೆ ತಿಂಗಳು ಹಿಡಿಯುತ್ತದೆ.

ಯಾವ ಕಡೆಯಿಂದ ಶುರು ಮಾಡಬೇಕು ಅನ್ನುವುದು ಮೊದಲ ಪ್ರಶ್ನೆ. ಬಹಳ ಜನ ಮಂಗಳೂರಿಂದ ಉತ್ತರಕ್ಕೆ ಹೊರಡುತ್ತಾರೆ. ನಾನು ಕಾರವಾರದಿಂದ ದಕ್ಷಿಣಕ್ಕೆ ಅನ್ನುವವನು. ಕಾರಣ ಗಾಳಿ. ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ಸಣ್ಣಗೆ ಗಾಳಿ ಇರುತ್ತದೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲ ಗಾಳಿ ಒಳಗೆ ನುಗ್ಗುತ್ತದೆ. ಡಿಸೆಂಬರ್, ಜನವರಿಯ ಮಧ್ಯಾಹ್ನ ಈ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದೆ. ಉತ್ತರಕ್ಕೆ ಹೋಗುವವರಿಗೆ ಅದು ಮುಖಕ್ಕೆ. ಊಟ ಆದ ಮೇಲೆ ಎದುರುಗಾಳಿಯಲ್ಲಿ ಇಪ್ಪತ್ತು ಕಿಲೋಮೀಟರ್ ತುಳಿದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದಕ್ಕೆ ಒಂದು ಬೆಲೆ ಇದೆ. ನಾವು ಎಡಗಡೆ ಓಡಿಸುವವರು ಅಲ್ವಾ? ಉತ್ತರಕ್ಕೆ ಹೋಗುವಾಗ ಕಡಲು ನಿಮ್ಮ ಎಡಕ್ಕೆ, ನಿಮ್ಮದೇ ಪಕ್ಕದಲ್ಲಿ. ದಕ್ಷಿಣಕ್ಕೆ ಹೋಗುವಾಗ ರಸ್ತೆಯ ಆಚೆ. ಮರವಂತೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಉತ್ತರಕ್ಕೆ ಹೋಗುವವರಿಗೆ ಅಲೆ, ದಕ್ಷಿಣಕ್ಕೆ ಬರುವವರಿಗೆ ಹೊಳೆ. ನನಗೆ ಹೊಳೆಯ ಬದಿಯೇ ಇಷ್ಟ. ಬೆಳಿಗ್ಗೆ ನೀರು ಅಲುಗದೆ ಇರುತ್ತದೆ, ಆಚೆ ದಡದ ತೆಂಗು ತಲೆಕೆಳಗಾಗಿ ಕಾಣುತ್ತದೆ, ಹಿಂದೆ ಕೊಡಚಾದ್ರಿ ಕಡೆಯ ಗುಡ್ಡದ ಸಾಲು. ಅಲೆ ನೋಡಬೇಕು ಅನಿಸಿದರೆ ನಿಂತು ರಸ್ತೆ ದಾಟಿದರಾಯಿತು.

ಕಾರವಾರಕ್ಕೆ ಸೈಕಲ್ ತಲುಪಿಸಲು ರೈಲು ಒಳ್ಳೆಯದು. ಕೊಂಕಣ ರೈಲು 1998ರಲ್ಲಿ ಪೂರ್ತಿ ಶುರುವಾದ ಮೇಲೆ ಇದು ಸುಲಭವಾಗಿದೆ. ಸೈಕಲ್ಲನ್ನು ಲಗೇಜ್ ಅಂತ ಬುಕ್ ಮಾಡಿಸಿ ಬ್ರೇಕ್ ವ್ಯಾನಿಗೆ, ಅಂದರೆ ಸಾಮಾನಿನ ಬೋಗಿಗೆ ಹಾಕಿಸಬೇಕು. ದೊಡ್ಡ ಸ್ಟೇಷನ್ನಿಂದ ಹಾಕಿಸಿ, ರೈಲು ಎರಡೇ ನಿಮಿಷ ನಿಲ್ಲುವ ಕಡೆ ಈ ಕೆಲಸ ಆಗುವುದಿಲ್ಲ. ಪೆಡಲ್ ಬಿಚ್ಚಿ, ಹಿಂದಿನ ಗೇರಿನ ಸುತ್ತ ಒಂದು ರಟ್ಟು ಕಟ್ಟಿ. ಹೆಸರು, ಇಳಿಯುವ ಸ್ಟೇಷನ್ ಬರೆದ ಚೀಟಿ ಎರಡು ಕಡೆ ಇರಲಿ. ಕಾರವಾರದ ಸ್ಟೇಷನ್ ಊರಿನೊಳಗಿಲ್ಲ, ಹೊರಗೆ ಶಿರವಾಡದಲ್ಲಿದೆ. ಅಲ್ಲಿಂದಲೇ ನಿಮ್ಮ ಸವಾರಿ ಶುರು.

ಮೊದಲ ಸಂಜೆ ಸಾಮಾನು ಇಳಿಸಿ, ಕಾಳಿ ದಾಟಿ ಸದಾಶಿವಗಡಕ್ಕೆ ಹೋಗಿ ಬನ್ನಿ. ಸೋದೆಯ ಅರಸ ಬಸವಲಿಂಗ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟ ಕೋಟೆ ಅದು. ಈಗ ಗೋಡೆಗಳಿಗಿಂತ ಜಾಸ್ತಿ ಉಳಿದಿರುವುದು ಆ ಗುಡ್ಡ ಮತ್ತು ಅದರ ನೋಟ. ಮೇಲೆ ನಿಂತರೆ ನದಿ ಕಡಲಿಗೆ ಬಾಯಿ ಬಿಡುವುದು, ಆಚೆ ದ್ವೀಪಗಳು, ಒಳಗೆ ಘಟ್ಟ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಕೋಟೆಯನ್ನು ಇಲ್ಲೇ ಯಾಕೆ ಕಟ್ಟಿದರು ಅಂತ ಯಾರೂ ಹೇಳಬೇಕಾಗಿಲ್ಲ. ಸೇತುವೆಯ ಮೇಲೆ ಮಾತ್ರ ಹುಷಾರು. 2024ರ ಆಗಸ್ಟ್ 7ರ ನಸುಕಿನಲ್ಲಿ ಇಲ್ಲಿನ ಹಳೇ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿ ಉಳಿದ. ಆಮೇಲೆ ಎರಡೂ ಕಡೆಯ ವಾಹನಗಳು ಪಕ್ಕದ ಸೇತುವೆಗೇ ಬಂದವು. ಬೆಳಕಿರುವಾಗಲೇ ಹೋಗಿ ಬರಬೇಕು.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದಲ್ಲಿ ಟ್ಯಾಗೋರರು ಇಲ್ಲಿಗೆ ಬಂದು ಉಳಿದಿದ್ದರು, ಒಂದು ನಾಟಕವನ್ನೂ ಇಲ್ಲೇ ಬರೆದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿದ್ದನ್ನು ಅವರು ಬಹಳ ವರ್ಷದ ನಂತರವೂ ನೆನೆದು ಬರೆದಿದ್ದಾರೆ.

ಕಾರವಾರ ಬಿಟ್ಟು ದಕ್ಷಿಣಕ್ಕೆ ಹೊರಟರೆ ಸುರಂಗ ಸಿಗುತ್ತದೆ. ಒಳಗೆ ಹೋಗುವ ಮುಂಚೆ ತಂಪು ಕನ್ನಡಕ ತೆಗೆಯಿರಿ, ಹಿಂದಿನ ಕೆಂಪು ಲೈಟ್ ಹಾಕಿ. ಹಗಲಲ್ಲೂ ಇದು ಬೇಕೇ ಬೇಕು. ಬಿಸಿಲಿನಿಂದ ಒಳಗೆ ಬಂದ ಲಾರಿ ಚಾಲಕನ ಕಣ್ಣಿಗೂ ಎರಡು ಕ್ಷಣ ಏನೂ ಕಾಣುವುದಿಲ್ಲ. ಬಿಣಗಾ, ಅರ್ಗಾ ಭಾಗದಲ್ಲಿ ನೌಕಾನೆಲೆ ಇದೆ. ಅಲ್ಲಿ ಫೋಟೋಗೆ ನಿಲ್ಲಬೇಡಿ.

ಅಂಕೋಲಾದಲ್ಲಿ ಕೋಟೆ ಹುಡುಕುವುದಕ್ಕಿಂತ ಉಪ್ಪಿನ ನೆನಪು ಮಾಡಿಕೊಳ್ಳಿ. 1930ರ ಏಪ್ರಿಲ್‌ನಲ್ಲಿ ಇಲ್ಲಿ ಜನ ಸಾವಿರಗಟ್ಟಲೆ ಸೇರಿ ಉಪ್ಪಿನ ಕಾನೂನು ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಅಂದರೆ ಅಂಕೋಲಾ. ಆ ಉಪ್ಪು ಹೇಗೆ ಆಗುತ್ತದೆ ಅಂತ ನೋಡಬೇಕಾದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋಗಬೇಕು. ಅಘನಾಶಿನಿಯ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಪಾತಿಯ ನೆಲವನ್ನು ಮೊದಲೇ ತುಳಿದು, ಬಡಿದು ನುಣ್ಣಗೆ ಮಾಡಿರುತ್ತಾರೆ. ಬೇಸಿಗೆ ಬಂದರೆ ಬದುವಿನ ಮೇಲೆ ಉಪ್ಪಿನ ಗುಪ್ಪೆಗಳು. ಹೆದ್ದಾರಿಯಿಂದ ಇದು ಕಾಣುವುದಿಲ್ಲ. ಗೋಕರ್ಣದ ರಸ್ತೆಗೆ ತಿರುಗಿದವರಿಗೆ ಮಾತ್ರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಕರಾವಳಿ ಚೆಂದ ಅಂತ ಜೂನ್, ಜುಲೈನಲ್ಲಿ ಹೊರಡುವವರಿದ್ದಾರೆ. ದಯವಿಟ್ಟು ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಂತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿಗಳು, ಎಲ್ಲ ಗಂಗಾವಳಿ ನದಿಯ ಪಾಲಾದವು. ನೀವು ಆ ಜಾಗದಲ್ಲಿ ಸೈಕಲ್ ತುಳಿಯುವಾಗ ಒಂದು ಕಡೆ ಕಡಿದ ಕೆಂಪು ಗುಡ್ಡ, ಇನ್ನೊಂದು ಕಡೆ ನದಿ. ಅಲ್ಲಿ ಒಂದು ನಿಮಿಷ ನಿಂತು ಹೋಗಿ. ಆದರೆ ಮಳೆಯಲ್ಲಿ ಕಡಿದ ಗುಡ್ಡದ ಕೆಳಗೆ ಒಂದು ಕ್ಷಣವೂ ನಿಲ್ಲಬೇಡಿ.

ಈಗ ಅಘನಾಶಿನಿ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಇದಕ್ಕಿಂತ ದೊಡ್ಡ ಜಾಗ ಇಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಗೋಕರ್ಣದಿಂದ ಕುಮಟಾಕ್ಕೆ ಹೋಗಲು ಎರಡು ದಾರಿ. ಮಾದನಗೇರಿಗೆ ಬಂದು ಹೆದ್ದಾರಿ ಹಿಡಿದು ಸುತ್ತಿ ಹೋಗುವುದು ಒಂದು. ಗೋಕರ್ಣದಿಂದ ನೇರ ತದಡಿಗೆ ಇಳಿದು, ದೋಣಿಯಲ್ಲಿ ಅಳಿವೆ ದಾಟಿ, ಆಚೆ ಅಘನಾಶಿನಿ ಊರಿನಿಂದ ಕಾಗಾಲ, ಬಾಡದ ಮೇಲೆ ಕುಮಟಾ ಸೇರುವುದು ಇನ್ನೊಂದು. ಎರಡನೆಯದನ್ನೇ ಹಿಡಿಯಿರಿ.

ತದಡಿಯ ಜಟ್ಟಿಗೆ, ಅಂದರೆ ದೋಣಿ ನಿಲ್ಲುವ ಕಟ್ಟೆಗೆ ಬರುವಾಗ ಮೊದಲು ಮೀನಿನ ವಾಸನೆ, ಆಮೇಲೆ ಬಲೆ ಹೊಲಿಯುತ್ತಾ ಕುಳಿತ ಜನ, ಆಮೇಲೆ ನೀರು. ದೋಣಿಗೆ ಸ್ಕೂಟರ್, ಬೈಕ್ ಏರುತ್ತವೆ, ಶಾಲೆ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಹೆಂಗಸರು ಏರುತ್ತಾರೆ. ನಿಮ್ಮ ಸೈಕಲ್ಲೂ ಅವರ ನಡುವೆ. ಬ್ಯಾಗ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹತ್ತಿ, ತೂಕ ಇರುವ ಸೈಕಲ್ ಅಂಚಿನಲ್ಲಿ ಜಾರುತ್ತದೆ. ಹತ್ತಿದ ಮೇಲೆ ಬ್ರೇಕ್ ಹಿಡಿದೇ ನಿಲ್ಲಬೇಕು. ನಡುನೀರಿಗೆ ಬಂದಾಗ ಬಲಕ್ಕೆ ನೋಡಿ, ನದಿ ಕಡಲಿಗೆ ಸೇರುವ ಬಾಯಿ ಕಾಣುತ್ತದೆ. ಎಡಕ್ಕೆ ನೋಡಿ, ಅಗಲವಾದ ಹಿನ್ನೀರು. ಇಳಿತದ ಹೊತ್ತಾದರೆ ಸೊಂಟದವರೆಗಿನ ನೀರಿನಲ್ಲಿ ನಿಂತು ಜನ ಚಿಪ್ಪು ಆರಿಸುತ್ತಿರುತ್ತಾರೆ. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಘಟ್ಟದ ಮಣ್ಣು, ಸಿಹಿನೀರು ತನ್ನ ಪಾಡಿಗೆ ತಾನು ಕೆಳಗೆ ಬರುತ್ತದೆ, ಉಪ್ಪುನೀರು ತನ್ನ ಹೊತ್ತಿಗೆ ಮೇಲೇರುತ್ತದೆ. ದಡದ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಉಪ್ಪುನೀರು ತಡೆಯುವ ತಳಿ ಅದು.

ಇದೇ ಅಘನಾಶಿನಿಯ ಉತ್ತರ ದಡದಲ್ಲಿ, ಸ್ವಲ್ಪ ಒಳಗೆ, ಮಿರ್ಜಾನ್ ಕೋಟೆ. ದೋಣಿ ಹಿಡಿದವರಿಗೆ ಅದು ತಪ್ಪುತ್ತದೆ. ಹಾಗಾದರೆ ಏನು ಮಾಡುವುದು? ಕುಮಟಾದಲ್ಲಿ ಉಳಿಯಿರಿ. ಸಾಮಾನೆಲ್ಲ ರೂಮಿನಲ್ಲಿಟ್ಟು, ಮರುದಿನ ಬೆಳಕು ಹರಿಯುತ್ತಲೇ ಬರೀ ಸೈಕಲ್ಲಿನಲ್ಲಿ ಹೋಗಿ. ಹನ್ನೊಂದು ಕಿಲೋಮೀಟರ್ ಹೆದ್ದಾರಿ, ಆಮೇಲೆ ಒಂದು ಸಣ್ಣ ತಿರುವು. ಒಂದು ಅರ್ಧ ದಿನ ಜಾಸ್ತಿ ಹೋಗುತ್ತದೆ. ಹೋಗಲಿ ಬಿಡಿ.

ಮಿರ್ಜಾನ್ ಪೂರ್ತಿ ಚಿರೆಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋಟೆ. ಗೋಡೆಯ ಹತ್ತಿರ ಹೋಗಿ ಕೈ ಇಟ್ಟು ನೋಡಿ. ಕಲ್ಲಿನ ತುಂಬ ಸಣ್ಣ ಸಣ್ಣ ತೂತು, ಆ ತೂತುಗಳಲ್ಲಿ ಪಾಚಿ ಬೇರು ಬಿಟ್ಟಿರುತ್ತದೆ. ಮಳೆ ಮುಗಿದ ಹೊಸತರಲ್ಲಿ ಇಡೀ ಗೋಡೆ ಹಸಿರು, ಜನವರಿ ಹೊತ್ತಿಗೆ ಅದು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಚಿರೆಕಲ್ಲನ್ನು ನೆಲದಿಂದ ಕಡಿಯುವಾಗ ಅದು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಒಳಗಿನ ಬಾವಿಗಳು ದೊಡ್ಡವು, ಕೆಳಗೆ ಇಳಿಯುವ ದಾರಿಗಳಿವೆ. ಸುತ್ತಲೂ ಕಂದಕ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜೊತೆ ಸೇರಿಕೊಂಡಿದೆ. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಅವರಿಗೆ ಬೇಕಾದ ಮೆಣಸು ಇದ್ದದ್ದು ಅವಳ ಕೈಯಲ್ಲಿ. ಅರ್ಧ ಶತಮಾನ ರಾಜ್ಯವಾಳಿದ ಹೆಣ್ಣಿನ ಬಗ್ಗೆ ನಮ್ಮ ಶಾಲೆ ಪುಸ್ತಕಗಳು ಇನ್ನೂ ಹೆಚ್ಚು ಹೇಳಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆಣ್ಣುಮಕ್ಕಳ ಮಾತು ಬಂತಲ್ಲ, ಹೊನ್ನಾವರದ ವಿಷಯ ಹೇಳಿಬಿಡುತ್ತೇನೆ. 14ನೇ ಶತಮಾನದಲ್ಲಿ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದ. ಈ ಊರಿನಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆ, ಹುಡುಗರಿಗೆ ಇಪ್ಪತ್ಮೂರು ಶಾಲೆ ನೋಡಿದೆ ಅಂತ ಬರೆದಿಟ್ಟಿದ್ದಾನೆ. ಶರಾವತಿ ಸೇತುವೆಯ ಮೇಲೆ ತುಳಿಯುವಾಗ ಈ ಮಾತು ತಲೆಯಲ್ಲಿದ್ದರೆ ಆ ಊರು ಬೇರೆಯಾಗಿ ಕಾಣುತ್ತದೆ. ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಮೈ ತೊಳೆದು ವಿಶ್ರಾಂತಿ ಪಡೆಯಲು ಒಳ್ಳೇ ಜಾಗ.

ಮುರುಡೇಶ್ವರ ಎಲ್ಲರಿಗೂ ಗೊತ್ತು, 123 ಅಡಿಯ ಶಿವ, 237 ಅಡಿಯ ಗೋಪುರ. ನಾನು ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಟ್ಕಳದಲ್ಲಿ ಮಾತ್ರ ನಿಲ್ಲಿ. ವಿಜಯನಗರಕ್ಕೆ ಕುದುರೆ ಬರುತ್ತಿದ್ದ ಬಂದರು ಇದು. ಊರೊಳಗೆ ಕೇತಪೈ ನಾರಾಯಣ ದೇವಸ್ಥಾನವಿದೆ, ಜಟ್ಟಪ್ಪ ನಾಯಕನ ಬಸದಿ ಇದೆ. ದೇವಸ್ಥಾನದ ಚಾವಣಿ ನೋಡಿ, ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಇಲ್ಲಿನ ಮಳೆ ಕಂಡವರು ಮಾತ್ರ ಹಾಗೆ ಕಟ್ಟಲು ಸಾಧ್ಯ.

ಬೈಂದೂರಿನ ಒತ್ತಿನೆಣೆಯಲ್ಲಿ ಒಂದು ಏರು ಇದೆ. ಅದು ಬಿಟ್ಟರೆ ಮರವಂತೆಯವರೆಗೆ ಸಲೀಸು. ಕುಂದಾಪುರಕ್ಕೆ ಬಂದ ಮೇಲೆ ಸಂಜೆ ಬಸರೂರಿಗೆ ಹೋಗಿ. ವಾರಾಹಿ ದಡದ ಈ ಊರು ಒಂದು ಕಾಲಕ್ಕೆ ಅಕ್ಕಿ ತುಂಬಿದ ಹಡಗುಗಳ ಬಂದರು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಮಾಲ್ವಣದಿಂದ ಹಡಗುಗಳ ಪಡೆ ಕಟ್ಟಿಕೊಂಡು ಬಂದು ಬಸರೂರಿನ ಸಂಪತ್ತು ದೋಚಿದರು. ಮರಳುವಾಗ ಗೋಕರ್ಣಕ್ಕೆ ಹೋದರು. ಅಷ್ಟು ದೂರದಿಂದ ಹಡಗು ಹತ್ತಿ ಬರಬೇಕಾದರೆ ಈ ಊರಲ್ಲಿ ಎಷ್ಟು ಇತ್ತು ಅಂತ ಯೋಚಿಸಿ. ಈಗ ಅಲ್ಲಿ ದೇವಸ್ಥಾನಗಳು, ಶಾಸನದ ಕಲ್ಲುಗಳು, ತೋಟ, ಮನೆ.

ಕುಂದಾಪುರದಿಂದ ಮುಂದೆ ಹೆದ್ದಾರಿ ಪೂರ್ತಿ ಬಿಟ್ಟುಬಿಡಿ. ಕೋಡಿಯಿಂದ ಬೀಜಾಡಿ, ಕೋಟ ಪಡುಕರೆ ಅಂತ ಕಡಲ ಬದಿಯ ಸಣ್ಣ ರಸ್ತೆ ಹಿಡಿಯಿರಿ. ಹಂಗಾರಕಟ್ಟೆಯಲ್ಲಿ ಮತ್ತೆ ಅಳಿವೆ, ಸೀತಾ ಮತ್ತು ಸ್ವರ್ಣಾ ಸೇರುವ ಜಾಗ. ದಾಟಿದರೆ ಕೋಡಿ ಬೆಂಗ್ರೆ, ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಒಂದು ಊರು. ಅಲ್ಲಿಂದ ಹೂಡೆ, ಮಲ್ಪೆ. ಮಲ್ಪೆಯಲ್ಲಿ ಸೈಕಲ್ ಬೀಗ ಹಾಕಿಟ್ಟು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದಿದ್ದ ಅಂತಲೂ ಹೇಳುತ್ತಾರೆ. ನನಗೆ ಆ ಬಂಡೆಗಳ ಮುಂದೆ 1498 ನಿನ್ನೆ ಮೊನ್ನೆ ಅನಿಸುತ್ತದೆ.

ಮಲ್ಪೆಯಿಂದ ಪಡುಕೆರೆ ಸೇತುವೆ ದಾಟಿ ಮಟ್ಟು, ಕಾಪು. ಹೊಸಬರನ್ನು ಒಂದೇ ಒಂದು ದಿನ ಕರೆದುಕೊಂಡು ಹೋಗುವುದಾದರೆ ಈ ತುಂಡಿಗೇ ಕರೆದುಕೊಂಡು ಹೋಗಿ. ಕಡಲಿಗೂ ಹೊಳೆಗೂ ನಡುವೆ ರಸ್ತೆ ಎಷ್ಟು ಸಪೂರ ಅಂದರೆ ಒಂದು ಕಡೆ ಅಲೆಯ ಸದ್ದು, ಇನ್ನೊಂದು ಕಡೆ ಹುಟ್ಟು ಹಾಕುವ ಸದ್ದು ಎರಡೂ ಕೇಳುತ್ತದೆ. ಮಟ್ಟುವಿನಲ್ಲಿ ಗುಳ್ಳ ಬದನೆಯ ಗದ್ದೆಗಳು. ಕಾಪುವಿನಲ್ಲಿ 1901ರ ದೀಪಸ್ತಂಭ, ಬಂಡೆಯ ಮೇಲೆ ಕಟ್ಟಿದ್ದು. ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ, ಅದಕ್ಕೆ ಸರಿಯಾಗಿ ಅಲ್ಲಿಗೆ ತಲುಪಿ.

ಮಂಗಳೂರಿನಲ್ಲಿ ಕೊನೆಯದಾಗಿ ಬೋಳೂರಿನ ಸುಲ್ತಾನ್ ಬತ್ತೇರಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಕೋಟೆ. ಅದೇ ವರ್ಷ ಮಾರ್ಚಿಯಲ್ಲಿ ಬ್ರಿಟಿಷರ ಜೊತೆ ಮಂಗಳೂರು ಒಪ್ಪಂದ ಆಗಿತ್ತು. ಗೋಡೆಯಲ್ಲಿ ಫಿರಂಗಿಗೆ ಬಿಟ್ಟ ಕಿಂಡಿಗಳಲ್ಲಿ ಕಣ್ಣಿಟ್ಟು ನೋಡಿ. ಯುದ್ಧದ ಹಡಗು ಗುರುಪುರ ನದಿಯೊಳಗೆ ನುಗ್ಗಬೇಕಾದರೆ ಆ ಕಿಂಡಿಗಳ ಮುಂದೆಯೇ ಬರಬೇಕು. ಮಾಜಾಳಿ ಕಡೆಯಿಂದ ನೋಡುತ್ತಾ ಬಂದ ಸಂಗತಿ ಇಲ್ಲಿ ಒಂದು ಸಣ್ಣ ಕಟ್ಟಡದಲ್ಲಿ ಕಾಣುತ್ತದೆ. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ನೇತ್ರಾವತಿ ದಾಟಿ ಉಳ್ಳಾಲಕ್ಕೆ ಹೋಗಿ. ಪೋರ್ಚುಗೀಸರ ಎದುರು ನಿಂತ ರಾಣಿ ಅಬ್ಬಕ್ಕನ ಊರು, ಕಡಲ ಅಂಚಿನಲ್ಲೇ ಸೋಮನಾಥ ದೇವಸ್ಥಾನ.

ಇನ್ನು ಸೈಕಲ್ ವಿಷಯ. ದುಬಾರಿ ಸೈಕಲ್ ಬೇಕಿಲ್ಲ. ಟಯರ್ ಮಾತ್ರ ತೀರ ಸಪೂರ ಬೇಡ, 35 ಮಿಲಿಮೀಟರ್ ಆಸುಪಾಸಿನದ್ದು ಇರಲಿ, ಒಳರಸ್ತೆಗಳಲ್ಲಿ ಮರಳು ಬಂದು ಬಿದ್ದಿರುತ್ತದೆ. ಕಡಲ ಪಕ್ಕದ ದೊಡ್ಡ ಶತ್ರು ಉಪ್ಪು. ಸಂಜೆ ರೂಮಿಗೆ ಹೋದ ತಕ್ಷಣ ಒಂದು ಚೊಂಬು ಸಿಹಿನೀರು ಚೈನಿಗೆ ಹಾಕಿ, ಹಳೇ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಇದನ್ನು ಬಿಟ್ಟರೆ ಬೆಳಿಗ್ಗೆ ಚೈನ್ ಕೆಂಪಾಗಿರುತ್ತದೆ. ಹೆದ್ದಾರಿಯ ತುಂಡುಗಳಲ್ಲಿ ಬಿಳಿ ಗೆರೆಯ ಹೊರಗೆ ಇರಿ, ಆದರೆ ಅದೇ ಜಾಗದಲ್ಲಿ ಎದುರಿನಿಂದ ಸ್ಕೂಟರ್ ಬರುತ್ತದೆ ಅಂತ ಗೊತ್ತಿರಲಿ. ಬಸ್ಸು ನಿಮ್ಮನ್ನು ದಾಟಿ ತಕ್ಷಣ ಎಡಕ್ಕೆ ಎಳೆದು ನಿಲ್ಲಿಸುತ್ತದೆ. ಹಾರ್ನ್ ಕೇಳಿದರೆ ವೇಗ ಕಡಿಮೆ ಮಾಡಿ, ಪೈಪೋಟಿ ಬೇಡ.

ಕೊನೆಯಲ್ಲಿ ಒಬ್ಬರು ಕೇಳಿದರು, ಇದಕ್ಕೆಲ್ಲ ಎಷ್ಟು ದಿನ ಬೇಕು ಅಂತ. ಹೆದ್ದಾರಿಯಲ್ಲೇ ತುಳಿದರೆ ಗಟ್ಟಿಗರು ಎರಡು ದಿನದಲ್ಲಿ ಮುಗಿಸುತ್ತಾರೆ. ನಾನು ಹೇಳಿದ ಹಾಗೆ ಹೋಗುವುದಾದರೆ ಒಂದು ವಾರ ಇಟ್ಟುಕೊಳ್ಳಿ. ರಜೆ ಐದೇ ದಿನ ಇದ್ದರೆ ಭಟ್ಕಳದಿಂದ ಶುರು ಮಾಡಬೇಡಿ, ಕಾರವಾರದಿಂದ ಶುರು ಮಾಡಿ ಕುಂದಾಪುರದಲ್ಲಿ ರೈಲು ಹತ್ತಿ. ಅಘನಾಶಿನಿ ಬಿಟ್ಟು ಮಾತ್ರ ಬರಬೇಡಿ.